ನೀಲಿ ಬಕೆಟ್ಟಿನ ಕ್ಯಾಲಿಪರ್

ನನ್ನ ಎಡಗಾಲಿನ ಕ್ಯಾಲಿಪರ್ ಎಷ್ಟು ಬಿಗಿಯಾಗಿದೆ, ಎಷ್ಟು ಭಾರಕ್ಕೆ ಎಷ್ಟು ಬಗ್ಗುತ್ತದೆ ಎಂದು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕಟ್ಟಿ ಅಳೆದರು. ಎಪ್ಪತ್ತರ ದಶಕದ ನಡುಗಾಲದ ಮಾತು. ಅಳೆಯಲಿ, ಬೇಡವೆಂದವರು ಯಾರು? ಆದರೆ ಅಳೆಯುವಾಗ ಕ್ಯಾಲಿಪರಿನೊಳಗೆ ಇದ್ದದ್ದು ಒಂದು ಕಟ್ಟಿಗೆಯ ಕಾಲು. ನನ್ನ ಕಾಲು ಹೊರಗೆ ಬೆಂಚಿನ ಮೇಲೆ ಬರಿದಾಗಿ ಕೂತಿತ್ತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಇಷ್ಟು ವರ್ಷವಾಯಿತು, ಬಿಟ್ಟುಬಿಡು ಎಂದು ಮನೆಯವರು ಹೇಳುತ್ತಾರೆ. ನಾನು ಬಿಡುವವಳಲ್ಲ.

ಪೋಲಿಯೊ ಬಂದಾಗ ನಾನು ಆಗತಾನೇ ನಡೆಯಲು ಕಲಿಯುತ್ತಿದ್ದೆನಂತೆ. ಜ್ವರ ಹೋಯಿತು, ಎಡ ಮೊಣಕಾಲಿನ ಕೆಳಗಿನ ಬಲವನ್ನೂ ತೆಗೆದುಕೊಂಡು ಹೋಯಿತು. ಪಾದ ಎತ್ತಲು ಬರುವುದಿಲ್ಲ, ಬೆರಳುಗಳು ಕೆಳಗೆ ಜೋತುಬೀಳುತ್ತವೆ, ಬರಿಗಾಲಲ್ಲಿ ನಿಂತರೆ ಪಾದದ ಗಿಣ್ಣು ಪಕ್ಕಕ್ಕೆ ಹೊರಳುತ್ತದೆ. ಆದ್ದರಿಂದ ಆಸ್ಪತ್ರೆಯವರು ಕ್ಯಾಲಿಪರ್ ಮಾಡಿಕೊಟ್ಟಿದ್ದರು. ದಪ್ಪ ತೊಗಲಿನ ಬೂಟು, ಅದರ ಹಿಮ್ಮಡಿಯಿಂದ ಎರಡೂ ಬದಿಗೆ ಮೇಲೆದ್ದ ಕಬ್ಬಿಣದ ಸರಳು, ಮೊಣಕಾಲಿನ ಕೆಳಗೆ ಬಿಗಿಯುವ ತೊಗಲಿನ ಪಟ್ಟಿ. ಭಾರವೋ ಭಾರ. ಆದರೂ ಅದನ್ನು ಹಾಕಿಕೊಂಡು ಸಯನ್ನಿನ ಬೀದಿಯಲ್ಲಿ ನಡೆದೆ, ಬಸ್ಸು ಹತ್ತಿದೆ, ಶಾಲೆಗೆ ಹೋದೆ. ಬೀದಿಯಲ್ಲಿ ನಾನು ಎರಡು ಕಾಲಿನ ಮನುಷ್ಯಳೇ ಆಗಿದ್ದೆ. ಕಷ್ಟವಿದ್ದದ್ದು ಮನೆಯಲ್ಲಿ.

ಮನೆಯಲ್ಲಿ ಅಜ್ಜಿ ಇದ್ದಳು. ಅಪ್ಪನ ತಾಯಿ, ಬಿಜಾಪುರದ ಕಡೆಯವಳು. ಮುಂಬಯಿಗೆ ಬರುವಾಗ ತನ್ನ ತಾಮ್ರದ ಕೊಡವನ್ನೂ ಮಡಿಯನ್ನೂ ಜೊತೆಗೇ ತಂದಿದ್ದಳು. ನಮ್ಮದು ಮೂರನೆಯ ಮಹಡಿಯಲ್ಲಿ ಎರಡೇ ಕೋಣೆಯ ಮನೆ. ಒಳಗಿನ ಕೋಣೆಯೇ ಅಡುಗೆಮನೆ, ಅದರ ಮೂಲೆಯಲ್ಲೇ ದೇವರು. ಹೀಗಾಗಿ ಅಜ್ಜಿಯ ಲೆಕ್ಕದಲ್ಲಿ ಹೊಸಿಲು ದಾಟಿದರೆ ದೇವರಮನೆಗೇ ಬಂದ ಹಾಗೆ. ನನಗೆ ಮೊದಲ ಕ್ಯಾಲಿಪರ್ ಬಂದ ದಿನ ಅಜ್ಜಿ ಅದನ್ನು ಮೇಲಿಂದ ಕೆಳಗೆ ನೋಡಿ, "ತೊಗಲು ಒಳಗ ಬ್ಯಾಡವಾ. ಹೊರಗ ಬಿಚ್ಚಿಡ್ಲಿ," ಅಂದಳಂತೆ. ಅಷ್ಟೇ. ಅದನ್ನು ಮತ್ತೊಮ್ಮೆ ಅವಳು ಹೇಳಿದ್ದನ್ನು ನಾನು ಕೇಳಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅಪ್ಪ, ಅವ್ವ, ನಾನು ಮೂವರೂ ಅದನ್ನು ಪಾಲಿಸಿಕೊಂಡು ಬಂದೆವು.

ಹಾಗೆಂದರೇನು ಎಂದು ಬಿಡಿಸಿ ಹೇಳುತ್ತೇನೆ. ಮೂರು ಮಹಡಿ ಹತ್ತಿ ಬಂದು ಬಾಗಿಲ ಮುಂದೆ ಕೂತು, ಪಟ್ಟಿ ಸಡಿಲಿಸಿ, ಬೂಟಿನ ಲೇಸು ಬಿಚ್ಚಿ, ಕಾಲು ಹೊರಗೆ ತೆಗೆದು, ಅದನ್ನು ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಎಲ್ಲರ ಚಪ್ಪಲಿಗಳ ಸಾಲಿನಲ್ಲಿ ಇಡಬೇಕು. ಒಳಗೆ ಬಂದ ಮೇಲೆ ಒಂದೋ ಗೋಡೆ ಹಿಡಿದು ಕುಂಟಬೇಕು, ಇಲ್ಲ ಕೂತಲ್ಲೇ ಸರಿಯಬೇಕು. ನಾನು ಹಿಡಿಯುವ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಅಂಗೈಯ ಕಪ್ಪು ಪಟ್ಟೆಯೊಂದು ಮೂಡಿತ್ತು, ಬಾಗಿಲಿನಿಂದ ಹೊರಟು ಅಡುಗೆಮನೆಯ ಚೌಕಟ್ಟಿನವರೆಗೆ. ಪ್ರತಿ ದೀಪಾವಳಿಗೆ ಅಪ್ಪ ಸುಣ್ಣ ಬಳಿಯುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಪಟ್ಟೆ ಮತ್ತೆ ಹಾಜರು. ಎಲ್ಲರ ಚಪ್ಪಲಿ ಹೊರಗಿದ್ದರೆ ನನ್ನದು ಕಾಲೇ ಹೊರಗೆ. ಮನೆಗೆ ಬಂದವರು ಇದನ್ನು ನೋಡಿ ಅಜ್ಜಿಯ ಆಚಾರವನ್ನು ಹೊಗಳಿ, ಚಹಾ ಕುಡಿದು ಹೋಗುತ್ತಿದ್ದರು.

ಅಪ್ಪ ಕಾಂದಿವಲಿಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಸ್ಟೋರಿನಲ್ಲಿದ್ದ. ದಾದರಿನಲ್ಲಿ ಗಾಡಿ ಬದಲಿಸಿ ದಿನಾ ಹೋಗಿಬರುತ್ತಿದ್ದ. ಆಗ ಪ್ಲಾಸ್ಟಿಕ್ ಬಕೆಟ್ಟು ಹೊಸದು, ಜನ ಅದನ್ನು ಆಸೆಯಿಂದ ಕೊಳ್ಳುತ್ತಿದ್ದ ಕಾಲ. ಒಂದು ಸಂಜೆ ಅಪ್ಪ ಹಿಡಿಕೆಯ ಹತ್ತಿರ ಸೊಟ್ಟಗಾಗಿದ್ದ ಒಂದು ನೀಲಿ ಬಕೆಟ್ಟನ್ನು ರಿಜೆಕ್ಟ್ ಮಾಲಿನಲ್ಲಿ ಕೇಳಿ ತಂದ. ಅವ್ವ ನೀರು ತುಂಬಿಡಲು ಎಂದುಕೊಂಡಳು. ಅಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕರೆದು, "ಕಾಲು ಇದರಾಗ ಇಡು," ಅಂದ. ಪಾದ ಬಕೆಟ್ಟಿನ ತಳದ ಮೇಲೆ ಕೂತಿತು. ಮೀನಖಂಡ ಅದರ ಒಳಗೋಡೆಗೆ ಒರಗಿತು. ಬಕೆಟ್ಟಿನ ಗುಂಡಗಿನ ಗೋಡೆ ನನ್ನ ಕಾಲಿನ ಹಿಂಭಾಗವನ್ನು ತಬ್ಬಿ ಹಿಡಿಯಿತು. ಅಪ್ಪ ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದ.

ಗರಗಸದಲ್ಲಿ ಕೊಯ್ದು, ಅಂಚುಗಳನ್ನು ಉಜ್ಜಿ, ತಳವೂ ಗೋಡೆಯೂ ಕೂಡುವ ಮೂಲೆಯನ್ನು ಸ್ಟೋವಿನ ಬೆಂಕಿಗೆ ದೂರದಿಂದ ಹಿಡಿದು ಕೊಂಚ ಒಳಕ್ಕೆ ಬಗ್ಗಿಸಿದ. ಕಟ್ಟಲಿಕ್ಕೆ ಅವ್ವನ ಲಂಗದ ಲಾಡಿ. ಮುಗಿಯಿತು, ಒಂದು ಚೂರೂ ತೊಗಲಿಲ್ಲದ ಕ್ಯಾಲಿಪರ್. ಆದರೆ ಅಜ್ಜಿಯ ಒಪ್ಪಿಗೆ ಆಗಬೇಕಲ್ಲ. ಅಜ್ಜಿ ಅದನ್ನು ಕೈಗೆ ತೆಗೆದುಕೊಳ್ಳದೆ ನೆಲದ ಮೇಲಿಟ್ಟೇ ವಿಚಾರಣೆ ನಡೆಸಿದಳು.

"ಪಾಯಖಾನಿಗೆ ಹೋದ ಬಕೀಟಲ್ಲ ಹೌದಲ್ಲೋ?"

"ಕಾರ್ಖಾನಿಯಿಂದ ಸೀದಾ ಮನಿಗೆ ಬಂದದವ್ವಾ," ಅಂದ ಅಪ್ಪ.

"ಪ್ಲಾಸ್ಟಿಕ್ಕಿನಾಗಿನ ನೀರು ದೇವರಿಗೆ ನಡಿಯೂದಿಲ್ಲ ಅಂತ ನಾನ ಹೇಳೇನಿ."

"ನೀರು ತುಂಬೂದಲ್ಲವ್ವಾ, ಕಾಲು ಇಡೂದು."

ಅಜ್ಜಿ ಬಗ್ಗಿ ಅದನ್ನು ಮತ್ತೊಮ್ಮೆ ನೋಡಿದಳು. "ಕಾಲೇನು ದೇವರಲ್ಲಲ್ಲ. ಹಾಕ್ಕೊಳ್ಲಿ," ಅಂದು, ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಎದ್ದಳು. ಒಂದೇ ಕರಾರು. ಆ ಬಕೆಟ್ಟಿನ ಕ್ಯಾಲಿಪರ್ ಬೀದಿ ತುಳಿಯಬಾರದು. ತುಳಿದರೆ ಮತ್ತೆ ಒಳಗೆ ಬರುವ ಹಾಗಿಲ್ಲ.

ಹೀಗೆ ನನಗೆ ಹೊರಗೆ ಕಬ್ಬಿಣದ ಕಾಲು, ಒಳಗೆ ಬಕೆಟ್ಟಿನ ಕಾಲು. ನೀವು ನಗಬಹುದು, ನಾನಂತೂ ಆ ದಿನ ಅಡುಗೆಮನೆಗೆ ನಡೆದುಹೋಗಿ ನನ್ನ ನೀರನ್ನು ನಾನೇ ತುಂಬಿಕೊಂಡು ನಿಂತೇ ಕುಡಿದೆ. ಮರುದಿನ ಗ್ಯಾಲರಿಯ ಹಗ್ಗಕ್ಕೆ ಬಟ್ಟೆ ಒಣಹಾಕಿದೆ. ಅವ್ವ ಸ್ಟೋವಿನ ಮುಂದಿದ್ದಾಗ ಪಕ್ಕದಲ್ಲಿ ನಿಂತು ಚಪಾತಿ ಲಟ್ಟಿಸಿದೆ. ಕಬ್ಬಿಣದ್ದಕ್ಕಿಂತ ಅದರಲ್ಲೇ ನಡೆಯುವುದು ಸಲೀಸು. ಕಬ್ಬಿಣ ಬಗ್ಗುವುದೇ ಇಲ್ಲ. ಹಿಮ್ಮಡಿ ಊರಿದ ಕೂಡಲೇ ಮೊಣಕಾಲನ್ನು ಮುಂದಕ್ಕೆ ನೂಕುತ್ತದೆ, ಮೆಟ್ಟಿಲು ಇಳಿಯುವಾಗಲಂತೂ ಯಾರೋ ಹಿಂದಿನಿಂದ ದಬ್ಬಿದ ಹಾಗೆ. ಬಕೆಟ್ಟು ಹಾಗಲ್ಲ. ಭಾರ ಬಿಟ್ಟರೆ ಮೂಲೆಯಲ್ಲಿ ಕೊಂಚ ಬಗ್ಗುತ್ತದೆ, ಕಾಲೆತ್ತಿದರೆ ತಾನೇ ಮೊದಲಿನ ಹಾಗೆ ನಿಂತು ಬೆರಳುಗಳನ್ನು ಮೇಲಕ್ಕೆ ಹಿಡಿಯುತ್ತದೆ. ಆ ಕಾಲಿನ ಪಾದ ಬೆಳೆದದ್ದು ಕಡಿಮೆ, ಆದ್ದರಿಂದ ಅದೇ ಬಕೆಟ್ಟು ವರ್ಷಗಟ್ಟಲೆ ಸಾಕಾಯಿತು. ಗೋಡೆಯ ಪಟ್ಟೆ ಮುಂದಿನ ಸುಣ್ಣಕ್ಕೆ ಮುಚ್ಚಿಹೋಗಿ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಎಸ್ಸೆಸ್ಸಿ ಮುಗಿಸಿದ ವರ್ಷ ಕ್ಯಾಲಿಪರಿನ ಪಟ್ಟಿ ಹರಿದು, ಹೊಲಿಸಿಕೊಳ್ಳಲು ಅವ್ವನ ಜೊತೆ ಆಸ್ಪತ್ರೆಗೆ ಹೋದೆ. ಕ್ಯಾಲಿಪರ್ ಮಾಡುವ ವರ್ಕ್‌ಶಾಪಿನ ಪಕ್ಕದ ಕೋಣೆಯಲ್ಲಿ ಹೊಸ ಇಂಜಿನಿಯರೊಬ್ಬರು ಬಂದಿದ್ದರು. ಎಳೆ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಕೋಟು, ವಿದೇಶದಲ್ಲಿ ಓದಿ ಬಂದವರೆಂದು ಎಲ್ಲರಿಗೂ ಅವರ ಮೇಲೆ ಗೌರವ. ಅವರ ಮೇಜಿನ ಮೇಲೆ ಬಿಳಿಯ ತೆಳು ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಒಂದಿತ್ತು. ಹಿಂದೆ ಮೀನಖಂಡಕ್ಕೆ ಒಂದು ಎಲೆ, ಕೆಳಗೆ ಪಾದಕ್ಕೆ ಒಂದು ಎಲೆ, ಸರಳಿಲ್ಲ, ಬೂಟಿಲ್ಲ. ಅದೇ ನನ್ನ ಬಕೆಟ್ಟು! ಬಣ್ಣವೊಂದು ಬೇರೆ. ಹೊರದೇಶದಿಂದ ಬಂದದ್ದು, ಇಲ್ಲಿಯ ಕಾಲುಗಳಿಗೆ ಇಂಥದು ತಡೆಯುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದೇವೆ ಎಂದರು. "ನನ್ನ ಹತ್ತಿರ ಮನೆಯಲ್ಲಿ ಇಂಥದೇ ಇದೆ, ಅಪ್ಪ ಮಾಡಿದ್ದು," ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವರು ಮೊದಲ ಸಲ ನನ್ನ ಮುಖ ನೋಡಿದರು. ಮುಂದಿನ ವಾರ ತರಲು ಹೇಳಿದರು.

ಆ ವಾರ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನನ್ನ ಬಕೆಟ್ಟನ್ನು ನೋಡಿ ಅಂಥದೇ ಇನ್ನೊಂದನ್ನು ಮಾಡಿಕೊಡುತ್ತಾರೆ, ಬೀದಿಗೂ ಅದನ್ನೇ ಹಾಕಿಕೊಳ್ಳಬಹುದು, ಕಬ್ಬಿಣದ ಕಾಟ ತಪ್ಪಿತು ಎಂದು ನಾನು ಕನಸು ಕಟ್ಟಿದ್ದೇ ಕಟ್ಟಿದ್ದು. ಅಪ್ಪ ಮಾತ್ರ, "ಜ್ವಾಕಿ. ಆ ಅಚ್ಚಿನ ಬಕೀಟು ಈಗ ಬರೂದಿಲ್ಲ," ಅಂದ. ಕಾರ್ಖಾನೆಯಲ್ಲಿ ಅಚ್ಚು ಬದಲಾಗಿತ್ತು. ಹೊಸ ಬಕೆಟ್ಟಿನ ತಳಕ್ಕೆ ಸುತ್ತಲೂ ಬಳೆಯಂಥ ದಪ್ಪ ಅಂಚು ಕೊಟ್ಟಿದ್ದರು.

ಕಬ್ಬಿಣದ್ದನ್ನು ಹಾಕಿಕೊಂಡು, ಬಕೆಟ್ಟಿನದನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಹೋದೆ. ಬೀದಿ ತುಳಿಯಬಾರದಲ್ಲ. ಇಂಜಿನಿಯರ್ ಸಾಹೇಬರು ಎರಡನ್ನೂ ಕೇಳಿದರು. ಬಿಚ್ಚಿ ಕೊಟ್ಟೆ. ಬಾಗಿಲು ತೆರೆದೇ ಇತ್ತು, ಬೆಂಚಿನಿಂದ ಎಲ್ಲ ಕಾಣುತ್ತಿತ್ತು. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಚೌಕಟ್ಟು, ಅದರಲ್ಲಿ ಕಟ್ಟಿಗೆಯ ಕಾಲು, ಗಿಣ್ಣಿನಲ್ಲಿ ತಿರುಗಣಿ. ಕ್ಯಾಲಿಪರನ್ನು ಅದಕ್ಕೆ ತೊಡಿಸಿ, ಪಾದದಿಂದ ತಂತಿ ಎಳೆದು ಗಾಲಿಯ ಮೇಲೆ ಹಾಯಿಸಿ, ತುದಿಗೆ ಒಂದೊಂದೇ ತೂಕದ ಬಟ್ಟು ತೂಗುಹಾಕುವುದು. ಪಕ್ಕದಲ್ಲಿ ದೊಡ್ಡ ಕೋನಮಾಪಕ. ಬಟ್ಟು ಹಾಕಿದ ಹಾಗೆ ಮುಳ್ಳು ಎಷ್ಟು ಸರಿಯಿತು, ತೆಗೆದಾಗ ಹಿಂದಕ್ಕೆ ಬಂತೋ ಇಲ್ಲವೋ ಎಂದು ನೋಡುವುದು. ಕೆಲಸ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳುವುದಿಲ್ಲ. ಆ ಕಟ್ಟಿಗೆಯ ಕಾಲನ್ನು ಸಾಹೇಬರು ಎಷ್ಟು ಮೃದುವಾಗಿ ಹಿಡಿಯುತ್ತಿದ್ದರೆಂದರೆ ನನಗೇ ಹೊಟ್ಟೆಕಿಚ್ಚಾಯಿತು.

ಬೆಂಚಿನ ಮೇಲೆ ನನ್ನ ಹಾಗೆ ಇನ್ನೂ ಕೆಲವರು ಕಾಲಿಲ್ಲದೆ ಕೂತಿದ್ದರು. ಎಲ್ಲರ ಕಾಲೂ ಒಳಗೆ. ನನಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಅದು ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ. ಕ್ಯಾಲಿಪರ್ ಕೇಳಿದರೆ ಇನ್ನೂ ಆಗಿಲ್ಲ ಎಂದರು. ಅವ್ವನ ಹೆಗಲಿಗೆ ಜೋತುಬಿದ್ದು ಹೊರಟೆ, ಅರ್ಧದಲ್ಲಿ ಅವಳಿಗೆ ಆಗಲಿಲ್ಲ. ಕೂತು ಸರಿದೆ, ಮೂರನೆಯ ಮಹಡಿಯ ನಮ್ಮ ಮನೆಯಲ್ಲಿ ಸರಿಯುತ್ತಿದ್ದ ಹಾಗೆಯೇ. ಈಗ ತಾನೇ ನೆಲ ಒರೆಸಿದ್ದೇನೆ ಎಂದು ವಾರ್ಡ್‌ಬಾಯ್ ಬೈದ. ಕಾಲು ಸರಿಮಾಡುವ ಆಸ್ಪತ್ರೆಯಲ್ಲಿ ಕಾಲು ಕಿತ್ತುಕೊಂಡು ಕೂರಿಸಿ, ನೆಲ ಕೊಳೆಯಾಯಿತೆಂದು ಬೈಯುವುದು! ಒಂದು ಗಾಲಿಕುರ್ಚಿ ಇರಲಿ, ಒಂದು ಕೋಲು ಕೊಡೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅಳಲಿಲ್ಲ.

ಕೊನೆಗೆ ಸಾಹೇಬರು ಕರೆದರು. ಕಬ್ಬಿಣದ್ದಕ್ಕೆ ಮುಳ್ಳು ಅಲ್ಲಾಡಲೇ ಇಲ್ಲ ಎನ್ನಬಹುದು, ಒಳ್ಳೆಯದಿದೆ ಎಂದರು. ಬಕೆಟ್ಟಿನದು ಬಹಳ ಬಗ್ಗುತ್ತದೆ, ನಿನ್ನಂಥ ಕಾಲಿಗೆ ಅಷ್ಟು ಬಿಗಿ ಸಾಲದು ಎಂದರು.

"ಸಾರ್, ನಾನು ಅದರಲ್ಲಿ ಚೆನ್ನಾಗಿ ನಡೆಯುತ್ತೇನೆ," ಎಂದೆ.

"ಅದು ಅಭ್ಯಾಸ," ಎಂದರು.

ಅಭ್ಯಾಸವಂತೆ! ನಡೆದು ತೋರಿಸು ಎಂದು ಒಂದು ಮಾತು ಕೇಳಲಿಲ್ಲ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಇನ್ನೂ ಕೆಲವು ಪರೀಕ್ಷೆಗಳಿವೆ, ಇದು ಇಲ್ಲಿರಲಿ, ಮುಂದಿನ ತಿಂಗಳು ಬಾ ಎಂದು ಬಕೆಟ್ಟಿನದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿ ಕಪಾಟಿನಲ್ಲಿಟ್ಟರು. ಪರೀಕ್ಷೆ ಪೂರ್ತಿಯಾದರೆ ನನಗೊಂದು ಹೊಸದು ಸಿಕ್ಕೀತೆಂಬ ಆಸೆಯಲ್ಲಿ ನಾನು ಕಬ್ಬಿಣ ಕಟ್ಟಿಕೊಂಡು ಹೊರಟೆ.

ಮನೆಯಲ್ಲಿ ಮತ್ತೆ ಹಳೆಯ ಪಾಡು. ಬಾಗಿಲಲ್ಲಿ ಬಿಚ್ಚುವುದು, ಗೋಡೆ ಹಿಡಿಯುವುದು, ಕೂತು ಸರಿಯುವುದು. ಚಿಕ್ಕವಳಿದ್ದಾಗ ಅದು ಹೇಗೋ ನಡೆದಿತ್ತು. ಈಗ ನಾನು ಬೆಳೆದ ಹುಡುಗಿ, ಸೀರೆ ಉಡುತ್ತಿದ್ದೆ, ನೆರೆಮನೆಯವರು ಬಂದರೆ ಎದ್ದು ನಿಲ್ಲಲಾಗದೆ ಮುದುಡಿ ಕೂತಿರುತ್ತಿದ್ದೆ. ಗೋಡೆಯ ಪಟ್ಟೆ ಮತ್ತೆ ಮೂಡಿತು, ಈ ಸಲ ಇನ್ನೂ ಎತ್ತರದಲ್ಲಿ. ಅಜ್ಜಿ ಒಂದು ದಿನ ಹೂಬತ್ತಿ ಹೊಸೆಯುತ್ತಾ ಕೇಳಿದಳು.

"ಎಲ್ಲಿ ಹೋತ ನಿನ್ನ ಬಕೀಟು?"

"ದವಾಖಾನ್ಯಾಗ ಅಳೀಲಿಕ್ಕ ಕೊಟ್ಟೇನಿ."

"ಕಾಲು ಅಳೀಲಿಕ್ಕ ಕೊಟ್ಟು ಬಂದಿಯೇನು?" ಅಂದಳು. ತಮಾಷೆಯೋ ಬೈಗುಳವೋ ತಿಳಿಯಲಿಲ್ಲ.

ಮುಂದಿನ ತಿಂಗಳು ಒಬ್ಬಳೇ ಹೋದೆ. ಸಾಹೇಬರು ಭಾರಿ ಖುಷಿಯಲ್ಲಿದ್ದರು, ಕುರ್ಚಿ ಎಳೆದು ಕೂರಿಸಿದರು. ಮೂಲೆಯಲ್ಲಿ ಹೊಸದೊಂದು ಯಂತ್ರ ಬಂದಿತ್ತು. ಮೋಟಾರಿಗೆ ಜೋಡಿಸಿದ ಚಕ್ರ, ಅದು ತಿರುಗಿದ ಹಾಗೆಲ್ಲ ಕ್ಯಾಲಿಪರನ್ನು ಒಮ್ಮೆ ಬಗ್ಗಿಸಿ ಬಿಡುತ್ತದೆ. ಹಗಲೂ ಇರುಳೂ ಓಡಿಸಿದೆವು, ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ತಾಳಿತು, ನಿನ್ನ ತಂದೆಗೆ ಹೇಳು ಎಂದು ಒಂದು ಸಂಖ್ಯೆ ಹೇಳಿದರು. ಆ ಸಂಖ್ಯೆ ನನ್ನ ಕಿವಿಗೆ ಬೀಳಲಿಲ್ಲ. ಎಷ್ಟೋ ಪಟ್ಟು ತಾಳಿತು ಅಂದರೆ ಆಮೇಲೆ ಏನಾಯಿತು ಎಂಬುದು ನನಗೆ ಆಗಲೇ ತಿಳಿದುಹೋಗಿತ್ತು. ಸಾಹೇಬರು ಕಪಾಟು ತೆರೆದು ಎರಡು ನೀಲಿ ತುಂಡುಗಳನ್ನು ಮೇಜಿನ ಮೇಲಿಟ್ಟರು. ಸರಿಯಾಗಿ ಮೂಲೆಯಲ್ಲಿ, ಅಪ್ಪ ಸ್ಟೋವಿಗೆ ಹಿಡಿದು ಬಗ್ಗಿಸಿದ್ದಲ್ಲಿ, ಮುರಿದಿತ್ತು. ಒಂದು ತುಂಡಿಗೆ ಅವ್ವನ ಲಂಗದ ಲಾಡಿ ಇನ್ನೂ ಹಾಗೇ ಇತ್ತು.

"ಮುರಿದುಬಿಟ್ಟಿರಾ?" ಎಂದೆ.

"ಮುರಿಯದೆ ಎಷ್ಟು ತಾಳುತ್ತದೆ ಎಂದು ಹೇಗೆ ಗೊತ್ತಾಗಬೇಕು?"

"ನಾನು ಮನೆಯಲ್ಲಿ ಏನು ಹಾಕಿಕೊಂಡು ನಡೆಯಬೇಕು?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನನ್ನ ಕಾಲಿನ ಕಬ್ಬಿಣವನ್ನು ತೋರಿಸಿ, "ಇದು ಇದೆಯಲ್ಲ. ನೀನು ಎರಡು ಸಲವೂ ಇದನ್ನು ಹಾಕಿಕೊಂಡೇ ಬಂದೆ. ಅದು ಬೇಕಾಗಿತ್ತು ಎಂದು ನೀನು ಹೇಳಲೇ ಇಲ್ಲವಲ್ಲ," ಎಂದರು.

ಮನೆಯೊಳಗೆ ಬೂಟು ಹಾಕುವುದಿಲ್ಲ ಎಂದು ನಾನು ಈ ಮನುಷ್ಯನಿಗೆ ಹೇಳಬೇಕಿತ್ತಂತೆ! ಇವರ ಮನೆಯಲ್ಲಿ ಬೂಟು ಹಾಕಿಕೊಂಡು ಒಲೆಯ ಮುಂದೆ ಹೋಗುತ್ತಾರೆಯೇ? ಬೆಳಿಗ್ಗೆ ತಮ್ಮ ಮನೆಯ ಬಾಗಿಲಲ್ಲಿ ಬೂಟು ಮೆಟ್ಟಿ ಬಂದವರೇ, ಸಂಜೆ ಅಲ್ಲೇ ಬಿಚ್ಚುವವರೇ. ಇಡೀ ಮುಂಬಯಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುತ್ತದೆ. ಅದರೊಳಗಿನ ಕುಂಟರು ಮಾತ್ರ ಬೂಟಿನ ಸಮೇತ ಮಲಗುತ್ತಾರೆ ಎಂದುಕೊಂಡರೋ ಏನೋ. ಕೋನಮಾಪಕದ ಮುಳ್ಳು ಎಲ್ಲಿ ನಿಂತಿತೆಂದು ಬಗ್ಗಿ ಬಗ್ಗಿ ನೋಡಿದ ಕಣ್ಣಿಗೆ, ಲಾಡಿ ಕಟ್ಟಿ ಕಟ್ಟಿ ನಯವಾದ ಆ ಅಂಚು ಕಾಣಲಿಲ್ಲ. ಇದನ್ನೆಲ್ಲ ನಾನು ಹಿಂದಿಯಲ್ಲಿ ಹೇಳಲು ಹೋಗಿ, ಅರ್ಧಕ್ಕೇ ನಿಂತೆ. ಸಿಟ್ಟು ಬಂದಾಗ ನನಗೆ ಕನ್ನಡ ಬಿಟ್ಟರೆ ಬೇರೇನೂ ಬರುವುದಿಲ್ಲ.

ಹೊಸದು ಯಾವಾಗ ಕೊಡುತ್ತೀರಿ ಎಂದು ಮಾತ್ರ ಕೇಳಿದೆ. ಪ್ಲಾಸ್ಟಿಕ್ಕಿನ ನಿರ್ಧಾರ ಇನ್ನೂ ಆಗಿಲ್ಲ, ಆಗಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಕಬ್ಬಿಣವೇ ಸರಿ ಎಂದರು. ತುಂಡುಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ವಿದ್ಯಾರ್ಥಿಗಳಿಗೆ ತೋರಿಸಲು ಬೇಕಿತ್ತು ಎಂದು ಕೈ ಮುಂದೆ ಮಾಡಿದರು. ನಾನು ಕೊಡಲಿಲ್ಲ. ಬಾಗಿಲಿಗೆ ಬಂದಾಗ ಹಿಂದಿನಿಂದ, "ಆ ಚೀಟಿಯನ್ನಾದರೂ ಬಿಚ್ಚಿಟ್ಟು ಹೋಗು," ಎಂದರು. ಹರಿದು ಅಲ್ಲೇ ನೆಲಕ್ಕೆ ಬಿಸಾಡಿ ಬಂದೆ.

ಬಸ್ಸಿನಲ್ಲಿ ಏನೂ ಕಾಣಲಿಲ್ಲ. ಸಿಟ್ಟೆಲ್ಲ ನೆತ್ತಿಗೇರಿತ್ತು. ಮೂರು ಮಹಡಿಯನ್ನು ಕಟಕಟ ಸದ್ದು ಮಾಡುತ್ತ ಹತ್ತಿದೆ. ನಮ್ಮ ಬಾಗಿಲು ತೆರೆದಿತ್ತು, ಪಕ್ಕದಲ್ಲಿ ಚಪ್ಪಲಿಗಳ ಸಾಲು, ಅದರಲ್ಲಿ ನನ್ನ ಕಾಲಿಗೆಂದು ಬಿಟ್ಟ ಖಾಲಿ ಜಾಗ. ಕೂತು ಬಿಚ್ಚಬೇಕು. ನಾನು ಕೂರಲಿಲ್ಲ. ಹೊಸಿಲಿನ ಮೇಲೆ ಬೂಟನ್ನು ಇಟ್ಟೆ, ಆಮೇಲೆ ಇನ್ನೊಂದು ಕಾಲನ್ನು ಚಪ್ಪಲಿಯ ಸಮೇತ ಒಳಗಿಟ್ಟೆ. ಹೊರಗಿನ ಕೋಣೆ ದಾಟಿ ಸೀದಾ ಅಡುಗೆಮನೆಗೆ ಹೋದೆ. ಕಲ್ಲಿನ ನೆಲದ ಮೇಲೆ ಕಬ್ಬಿಣದ ಸದ್ದು ಅಷ್ಟು ಜೋರಾಗಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಅವ್ವ ಸ್ಟೋವಿನ ಮುಂದಿನಿಂದ ತಿರುಗಿ ನೋಡಿ ಬಾಯಿಗೆ ಕೈ ಹಿಡಿದಳು. ಅಜ್ಜಿ ದೇವರ ಮುಂದೆ ಮಡಿಸೀರೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಅವಳ ತಾಮ್ರದ ಕೊಡದಿಂದ ಲೋಟದ ತುಂಬ ನೀರು ಮೊಗೆದು, ಅವಳ ಎದುರಿಗೇ ನಿಂತು ಕುಡಿದೆ.

ಏನಾದರೂ ಅನ್ನಲಿ ಎಂದು ಕಾದೆ. ಆಡಬೇಕಾದ ಮಾತೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅಜ್ಜಿ ನನ್ನ ಬೂಟು ನೋಡಿದಳು, ಮುಖ ನೋಡಿದಳು.

"ಅಲ್ಲೆ ನೀರು ಚೆಲ್ಲೇದ. ನೋಡಿ ನಡಿ, ಜಾರತದ," ಅಂದಳು. ಅಂದು, ಮುಂದಿನ ಬತ್ತಿಗೆ ಹತ್ತಿ ಹಿಂಜಿದಳು.

"ಅಜ್ಜೀ, ಇದು ತೊಗಲು."

"ಕಾಣತದ. ನನ್ನ ಕಣ್ಣು ಹೋಗಿಲ್ಲ ಇನ್ನೂ."

"ಮತ್ತ ಇಷ್ಟು ವರ್ಷ ಯಾಕ ಹೊರಗ ಬಿಚ್ಚಿಸಿದಿ?"

ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಮೊದಲನೇ ದಿನ ಅಂದಿದ್ದೆ. ಆಮ್ಯಾಲೆ ನೀವ ಬಿಚ್ಚಿಡಕೋತ ಬಂದ್ರಿ. ಹಾಕ್ಕೊಂಡು ಒಳಗ ಬರ್ತೀನಿ ಅಂತ ನೀ ಒಮ್ಮೆನೂ ಹೇಳಲಿಲ್ಲಲ್ಲ ತಂಗೀ."

ಒಂದೇ ದಿನ, ಸಾಹೇಬರು, ಅಜ್ಜಿ, ಇಬ್ಬರ ಬಾಯಲ್ಲೂ ಅದೇ ಮಾತು. ಕ್ಯಾಲಿಪರ್ ಎಷ್ಟು ಬಗ್ಗುತ್ತದೆ ಎಂದು ನೋಡಲು ಯಂತ್ರ ಹೂಡಿದರು. ಅಜ್ಜಿ ಎಷ್ಟು ಬಗ್ಗಿಯಾಳು ಎಂದು ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಭಾರ ಹಾಕಿ ನೋಡಿರಲಿಲ್ಲ. ಅವಳು ಬೈದಿದ್ದರೆ, ಕೊಡದ ನೀರನ್ನೆಲ್ಲ ಚೆಲ್ಲಿ ಗಲಾಟೆ ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಇಷ್ಟು ಸುಲಭವಿತ್ತೇ? ಹಾಗಾದರೆ ನಾನು ಇಷ್ಟು ವರ್ಷ ಸರಿದದ್ದು, ಅಪ್ಪ ಬಕೆಟ್ಟು ಕೊಯ್ದದ್ದು, ಅದನ್ನು ಬೀದಿಗೆ ತಾಗಿಸದೆ ಚೀಲದಲ್ಲಿ ಹೊತ್ತದ್ದು, ಚೀಲದಲ್ಲಿ ಹೊತ್ತದ್ದಕ್ಕೇ ಅದು ಬೇಡವಾದ ವಸ್ತುವೆಂದು ಮುರಿಸಿಕೊಂಡದ್ದು, ಎಲ್ಲ ಯಾರ ಸಲುವಾಗಿ? ನಾನು ಲೋಟವನ್ನು ಕುಕ್ಕಿ ಹೊರಗಿನ ಕೋಣೆಗೆ ಬಂದು ಕೂತೆ.

ಅಂದಿನಿಂದ ಕಬ್ಬಿಣ ಹಾಕಿಕೊಂಡೇ ಮನೆಯಲ್ಲಿ ಓಡಾಡಿದೆ. ಅಜ್ಜಿ ಬಾಗಿಲಲ್ಲಿ ಒಂದು ಒದ್ದೆ ಗೋಣಿಚೀಲ ಹಾಸಿಸಿದಳು, ಬೂಟು ಒರೆಸಿಕೊಂಡು ಬರಲಿಕ್ಕೆ. ಅಷ್ಟೇ ಅವಳ ಹೊಸ ಮಡಿ. ಅಪ್ಪ ಹೊಸ ಅಚ್ಚಿನ ಬಕೆಟ್ಟೊಂದನ್ನು ತಂದು ಕೊಯ್ದು ನೋಡಿದ. ಮೂಲೆ ಬಗ್ಗಲೇ ಇಲ್ಲ. ಬೆಂಕಿಗೆ ಹಿಡಿದರೆ ಸೀಳು ಬಿಟ್ಟಿತು.

ಆ ವರ್ಷದ ದೀಪಾವಳಿಗೆ ಅಪ್ಪ ಎಂದಿನಂತೆ ಸುಣ್ಣ ಕಲೆಸಿಕೊಂಡು ಬಂದ. ಬಾಗಿಲ ಕಡೆಯಿಂದ ಬಳಿಯುತ್ತ ಬಂದು ನನ್ನ ಅಂಗೈಯ ಪಟ್ಟೆಯ ಹತ್ತಿರ ಕುಂಚ ಎತ್ತಿದಾಗ ನಾನು ತಡೆದೆ.

"ಅದನ್ನ ಬಿಡು ಅಪ್ಪಾ."

"ಹೊಲಸು ಕಾಣತದಲ್ಲವಾ."

"ಕಾಣಲಿ. ನಾ ಹೇಳಲಿಲ್ಲ ಅಂತಾರ ಎಲ್ಲಾರೂ. ಅದು ಹೇಳಲಿ."

ಅಪ್ಪ ಅಡುಗೆಮನೆಯಲ್ಲಿದ್ದ ಅಜ್ಜಿಯ ಕಡೆ ಒಮ್ಮೆ ನೋಡಿದ. ಆಮೇಲೆ ಕುಂಚವನ್ನು ಸುಣ್ಣದಲ್ಲಿ ಅದ್ದಿ, ಪಟ್ಟೆಯನ್ನು ಬಿಟ್ಟು ಅದರ ಮೇಲಕ್ಕೆ ಅಷ್ಟು, ಕೆಳಕ್ಕೆ ಅಷ್ಟು ಬಳಿದು ಮುಂದೆ ಹೋದ.